ಹಿಡಿಯಲ್ಲೇ ಉಳಿದ ಉಪ್ಪು

ಅವನು ನೀಲಾಳನ್ನು ತಾನಾಗಿ ಬಿಟ್ಟು ಹೋಗಲಿಲ್ಲ. ನಾನು ಸಾರಿಗೆ ಉಪ್ಪು ಹಾಕಲಿಲ್ಲ, ಅದಕ್ಕೇ ಹೋದ. ನಡೆದದ್ದು ಇಷ್ಟೇ. ಮರೆತೆ ಎಂದರೆ ನೀವು ನಂಬುತ್ತೀರಿ — ಮುದುಕಿ, ಕಣ್ಣು ಮಂಜು, ಒಲೆಯ ಹೊಗೆ ಬೇರೆ. ಆದರೆ ಮರೆತಿರಲಿಲ್ಲ. ಉಪ್ಪು ನನ್ನ ಹಿಡಿಯಲ್ಲೇ ಇತ್ತು.

ನೀಲಾ ನನ್ನ ಮೊಮ್ಮಗಳು. ಅವಳನ್ನು ಹೆತ್ತು ತಾಯಿ ತೀರಿಕೊಂಡಳು. ತಂದೆ, ಅಂದರೆ ನನ್ನ ಒಬ್ಬನೇ ಮಗ ಬಸವರಾಜ, ಅವಳು ಪಿಯುಸಿ ಮುಗಿಸಿದ ವರ್ಷ ಟ್ರ್ಯಾಕ್ಟರ್ ಮಗುಚಿ ಸತ್ತ. ಆಗ ನಾವು ಮಾನ್ವಿ ಕಡೆಯ ಮಲ್ಲಟದಲ್ಲಿದ್ದೆವು. ಊರ ಹೊರಗೆ ಒಂದು ಹಳೆಯ ಮೆಟ್ಟಿಲ ಬಾವಿ ಇತ್ತು. ಮನೆಗೆ ನಲ್ಲಿ ಬಂದ ಮೇಲೆ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಆ ಬಾವಿಯ ತಳದಲ್ಲಿ ಇನ್ನೊಂದು ಊರಿದೆ, ಸತ್ತವರು ಅಲ್ಲಿಗೆ ಹೋಗುತ್ತಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಕೆಳಗಿನ ಊರು ಎನ್ನುತ್ತಿದ್ದಳು. ನಾನು ಅದನ್ನು ಕಿವಿಗೆ ಹಾಕಿಕೊಂಡವಳಲ್ಲ. ಈಗ ಕಂಡದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅಪ್ಪ ಸತ್ತ ಮೇಲೆ ನೀಲಾ ಮಟಮಟ ಮಧ್ಯಾಹ್ನ ಹೋಗಿ ಆ ಮೆಟ್ಟಿಲ ಮೇಲೆ ಕೂರತೊಡಗಿದಳು. ನಮ್ಮ ಕಡೆಯ ಬಿಸಿಲಿಗೆ ನಾಯಿಯೂ ನೆರಳು ಬಿಟ್ಟು ಏಳುವುದಿಲ್ಲ. ಒಂದು ದಿನ ಬೈಯುತ್ತ ಅವಳ ಹಿಂದೆಯೇ ಹೋದೆ. ಅವಳಿಗಿಂತ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಹುಡುಗ ಕೂತಿದ್ದ. ಇಪ್ಪತ್ತರ ಆಚೀಚೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮೊಣಕಾಲ ತನಕ ನೀರಲ್ಲಿದ್ದವನು ನನ್ನನ್ನು ಕಂಡು ಎದ್ದು ನಿಂತ. ಧೋತರದಲ್ಲಿ ಒಂದು ಹನಿ ನೀರಿಲ್ಲ.

ಅವನು ಕೆಳಗಿನ ಊರಿನ ತಳವಾರ. ಸತ್ತವರಿಗೆ ದಾರಿ ತೋರಿಸಿ ಇಳಿಸಿಕೊಂಡು ಹೋಗುವವನು. ನನ್ನ ಮಗನನ್ನು ಇಳಿಸಿದವನೂ ಅವನೇ.

ಅವನು ನೀಲಾಳ ಹತ್ತಿರ ಮೊದಲ ಸಲ ಬಂದದ್ದು ಅವಳ ಅಪ್ಪನ ಮಾತು ಹೊತ್ತುಕೊಂಡು. ಬಿಸಿಲಲ್ಲಿ ಕೂರಬೇಡ ಎಂದು ಹೇಳಿ ಕಳಿಸಿದ್ದನಂತೆ. ಅದನ್ನು ಕೇಳಿ ಅವಳು ಅತ್ತಳಂತೆ, ಆಮೇಲೆ, ಹೇಳಲು ಬಂದವನು ನೀನ್ಯಾಕೆ ಬಿಸಿಲಲ್ಲಿ ಕೂತಿದ್ದೀ ಎಂದು ಕೇಳಿದಳಂತೆ. ಅವನು ಮರುದಿನವೂ ಬಂದ, ಅದರ ಮರುದಿನವೂ.

ಆ ಮಾತು ನನ್ನನ್ನು ಚುಚ್ಚಿತು — ಇಲ್ಲಿಂದಲೇ ಹೇಳಬೇಕು. ಮಗ ಮಗಳಿಗೆ ಮಾತು ಕಳಿಸಿದ. ಹೆತ್ತವಳಿಗೆ ಏನೂ ಕಳಿಸಲಿಲ್ಲ.

ನೀಲಾ ಬಾವಿಯಿಂದ ಬರುವಾಗ ಮುಡಿಯಲ್ಲಿ ಮಲ್ಲಿಗೆ ಇರುತ್ತಿತ್ತು. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ. ಅಲ್ಲಿನ ಹೂವು ಹಾಗೇ ಅಂತೆ. ಅವಳು ಅವನಿಗೆ ರಾಯಚೂರಿನ ಕೋಟೆ, ರೈಲು, ಕಾಲೇಜಿನ ಹುಡುಗಿಯರ ಜಗಳ ಎಲ್ಲ ಹೇಳುತ್ತಿದ್ದಳು. ಅವನು ಬಾಯಿ ತೆರೆದು ಕೇಳುತ್ತಿದ್ದ. ಒಮ್ಮೆ ನನ್ನ ತಲೆಯನ್ನೇ ಬಹಳ ಹೊತ್ತು ನೋಡಿ, ‘ನಂಗೂ ತಲಿ ಹಣ್ಣಾಗಬೇಕು ನೋಡಬೇ ಯವ್ವಾ’ ಎಂದ. ಕೆಳಗೆ ಯಾರಿಗೂ ವಯಸ್ಸಾಗುವುದಿಲ್ಲವಂತೆ. ನೀಲಾ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತು. ಆ ದಿನ ನಾವು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ನಮ್ಮ ಮನೆಯಲ್ಲಿ ಎಡೆಯ ಅಡುಗೆಗೆ ಉಪ್ಪಿಲ್ಲ, ಮತ್ತು ಅವರು ಉಂಡೆದ್ದರು ಎನ್ನುವ ತನಕ ಯಾರೂ ಬಾಯಿಗಿಟ್ಟು ನೋಡುವಂತಿಲ್ಲ. ಎಂಜಲಾಗುತ್ತದೆ. ಇದು ಅತ್ತೆಯ ಕಾಲದಿಂದ ಬಂದದ್ದು. ಯಾಕೆ ಉಪ್ಪಿಲ್ಲ ಎಂದು ನಾನು ಕೇಳಿರಲಿಲ್ಲ. ಆ ಹುಡುಗ ಹೇಳಿದ ಮೇಲೆ ತಿಳಿಯಿತು. ಕೆಳಗಿನ ಊರಲ್ಲಿ ಉಪ್ಪೇ ಇಲ್ಲ. ಅಲ್ಲಿಯ ತಳವಾರನನ್ನು ಆ ಅಮಾವಾಸ್ಯೆಯ ಮಧ್ಯಾಹ್ನ ಯಾವುದಾದರೂ ಮನೆಯವರು ಒಳಗೆ ಕರೆದು, ಮನೆಯ ಹಿರಿಯಳು ತನ್ನ ಕೈಯಾರೆ ಉಪ್ಪಿನ ಊಟ ಬಡಿಸಿದರೆ, ಬಾವಿಯ ನೀರು ಅವನನ್ನು ಮತ್ತೆ ಒಳಗೆ ಬಿಡುವುದಿಲ್ಲ. ಅವನು ಮೇಲೆಯೇ ಇರಬೇಕು. ನಮ್ಮ ಹಾಗೆ ದುಡಿದು, ನಮ್ಮ ಹಾಗೆ ಮುದುಕನಾಗಿ ಸಾಯಬೇಕು. ಅವನಿಗೆ ಬೇಕಾದದ್ದೂ ಅದೇ.

ನಾನು ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ: ‘ನನ್ನ ಮಗಗ ಉಪ್ಪು ಹಾಕಿ ಇಟ್ರ?’

ಅವನು ತಲೆ ತಗ್ಗಿಸಿದ. ‘ಅವಗ ಮೈ ಇಲ್ಲಬೇ ಯವ್ವಾ. ಸತ್ತವ್ರು ವಾಸನಿ ಅಷ್ಟs ತಗೋತಾರ. ನಾ ಸತ್ತಾಂವ ಅಲ್ಲ, ಅಲ್ಲೇ ಹುಟ್ಟಿದಾಂವ.’

ಅಂದರೆ ನನ್ನ ಮಗ ಕೆಳಗೇ. ಅವನನ್ನು ಕೈಹಿಡಿದು ಇಳಿಸಿದವನು ಮೇಲೆ ಬಂದು, ನನ್ನ ಮನೆಯಲ್ಲಿ ಉಂಡು, ಉಳಿದ ಒಬ್ಬಳನ್ನೂ — ಇರಲಿ. ಆಗ ತಲೆಯಲ್ಲಿ ಓಡಿದ್ದು ಇದು. ಇದು ನಿಜವೂ ಹೌದು, ಇದರಿಂದ ನನ್ನ ತಪ್ಪು ಒಂದು ಕಾಳಿನಷ್ಟೂ ಕಡಿಮೆಯಾಗುವುದಿಲ್ಲ.

ಅಮಾವಾಸ್ಯೆಯ ದಿನ ನೀಲಾ ನಸುಕಿನಲ್ಲೇ ತಲೆಗೆ ಎರೆದುಕೊಂಡು, ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೊದಲು ಅಪ್ಪನ ಎಡೆಯನ್ನು ಸಪ್ಪಗೆ ತೆಗೆದಿಡು, ಉಳಿದ ಸಾರಿಗೂ ಪಲ್ಯಕ್ಕೂ ಉಪ್ಪು ಹಾಕು. ಹೂಂ ಎಂದೆ. ಅವಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಕೈ ಇದೇ.

ಮಗನ ಎಡೆ ತೆಗೆದಿಟ್ಟೆ. ಹರಳುಪ್ಪು ಹಿಡಿಯಲ್ಲಿ ತುಂಬಿಕೊಂಡು ಸಾರಿನ ಮೇಲೆ ಕೈ ಚಾಚಿದೆ. ಸಾರು ಕುದಿಯುತ್ತಿತ್ತು. ಹೊರಗೆ ಅವಳು ಅವನನ್ನು ಕರೆದುಕೊಂಡು ಬಂದ ಸದ್ದು ಕೇಳಿತು, ಇಬ್ಬರೂ ಏನೋ ಪಿಸುಗುಟ್ಟಿ ನಕ್ಕರು. ಹಿಡಿ ಬಿಚ್ಚಲಿಲ್ಲ. ಬಿಚ್ಚಬಹುದಿತ್ತು — ಬಿಚ್ಚಲಿಲ್ಲ. ಪಲ್ಯಕ್ಕೂ ಹಾಕಲಿಲ್ಲ.

ಎಡಗೈ ಮುಷ್ಟಿ ಕಟ್ಟಿಕೊಂಡೇ ಬಲಗೈಯಿಂದ ಬಡಿಸಿದೆ. ಅನ್ನ, ಸಾರು, ಬದನೆಕಾಯಿ ಪಲ್ಯ. ಬೆವರಿಗೆ ಉಪ್ಪು ಕರಗಿ ಬೆರಳ ಸಂದಿಯಿಂದ ಇಳಿಯುತ್ತಿತ್ತು. ನೀಲಾ ಬಾಗಿಲಲ್ಲಿ ನಿಂತಿದ್ದಳು. ಅವನು ಮೊದಲ ತುತ್ತು ಬಾಯಿಗೆ ಹಾಕಿದ. ಅಗಿಯುವುದನ್ನು ನಿಲ್ಲಿಸಿದ. ನನ್ನ ಮುಷ್ಟಿಯನ್ನು ನೋಡಿದ, ಆಮೇಲೆ ನನ್ನ ಮುಖವನ್ನು.

ಈಗ ಹೇಳುತ್ತಾನೆ, ಈಗ ಕೂಗುತ್ತಾನೆ, ಹುಡುಗಿ ನನ್ನನ್ನು ಜನ್ಮದಲ್ಲಿ —

‘ಊಟ ಚಲೋ ಆಗ್ಯದಬೇ ಯವ್ವಾ’ ಎಂದ.

ಎಲೆಯಲ್ಲಿ ಒಂದು ಅಗುಳು ಬಿಡದೆ ಉಂಡ. ಕೈ ತೊಳೆದ. ನೀಲಾಳ ಮುಂದೆ ಒಂದು ಗಳಿಗೆ ನಿಂತ. ಕೋಲು ತೆಗೆದುಕೊಂಡು ಬಾವಿಯ ದಾರಿ ಹಿಡಿದ. ಅವಳು ಹಿಂದೆ ಓಡಿದಳು. ಅವನು ಮೆಟ್ಟಿಲು ಇಳಿದದ್ದನ್ನೂ, ನೀರು ಅವನನ್ನು ಒಳಗೆ ಬಿಟ್ಟುಕೊಂಡದ್ದನ್ನೂ ಅವಳು ನೋಡಿದಳು.

ಅವಳು ತಿರುಗಿ ಬರುವುದರೊಳಗೆ ನಾನು ಇನ್ನೊಂದು ಕೆಲಸ ಮಾಡಿದೆ. ಮುಷ್ಟಿಯಲ್ಲಿ ಉಳಿದಿದ್ದ ಉಪ್ಪನ್ನು ಸಾರಿಗೂ ಪಲ್ಯಕ್ಕೂ ಹಾಕಿ, ಸೌಟಿನಿಂದ ತಿರುವಿದೆ. ಮೊದಲನೆಯದನ್ನು ಸಿಟ್ಟಿಗೆ ಮಾಡಿದೆ ಎನ್ನಬಹುದು. ಇದನ್ನು ಲೆಕ್ಕ ಹಾಕಿ ಮಾಡಿದೆ.

ನೀಲಾ ಒಳಗೆ ಬಂದು ಸಾರಿನಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ‘ಉಪ್ಪು ಸರಿನೇ ಅದಲ್ಲ ಆಯಿ’ ಎಂದಳು. ‘ಮತ್ತ ನೀರು ಹೆಂಗ ಬಿಡ್ತು ಅವನ್ನ?’

‘ಅವಂಗ ಮನಸಿರಲಿಲ್ಲ, ಬಿಡ್ತು. ಗಂಡಸರು ಹಂಗs. ಉಂಡು ಎದ್ದು ಹೋಗ್ತಾರ.’

ಅವಳು ನಂಬಿದಳು. ನನ್ನ ಮಾತನ್ನಲ್ಲದೆ ಇನ್ಯಾರ ಮಾತನ್ನು ನಂಬಬೇಕಿತ್ತು?

ಇದಾಗಿ ನಾಲ್ಕು ವರ್ಷ. ನಾವೀಗ ರಾಯಚೂರಿನಲ್ಲಿದ್ದೇವೆ. ನೀಲಾ ನರ್ಸ್ ಆಗಿದ್ದಾಳೆ. ದುಡಿಯುತ್ತಾಳೆ, ನನ್ನ ಮಾತ್ರೆ ತರುತ್ತಾಳೆ, ನಗುವಾಗ ನಗುತ್ತಾಳೆ. ಹೂ ಮುಡಿಯುವುದಿಲ್ಲ. ಈ ವರ್ಷ ದೇವದುರ್ಗದಿಂದ ಒಂದು ಸಂಬಂಧ ಬಂತು. ಫೋನಿನಲ್ಲಿ ಹುಡುಗನ ಫೋಟೋ ಕಳಿಸಿದರು. ಇವಳು ಅದನ್ನು ತೆರೆಯದೆಯೇ ಆಗಲಿ ಎಂದಳು. ನೋಡೇ, ಆಮೇಲೆ ನನ್ನನ್ನು ಬೈಯಬೇಡ ಎಂದೆ. ಅವಳು ಬಟ್ಟೆ ಮಡಚುತ್ತ, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ ಹೇಳಿದಳು: ‘ನೋಡಿ ಏನ್ ಮಾಡೂದ ಆಯಿ? ಎಂಥವ್ರಾದ್ರೂ ಉಂಡು ಎದ್ದು ಹೋಗವ್ರ.’

ನನ್ನ ಮಾತು. ನನ್ನ ಬಾಯಿಂದ ಬಂದದ್ದನ್ನು ಅವಳು ನಾಲ್ಕು ವರ್ಷ ಒಳಗಿಟ್ಟುಕೊಂಡು, ಅದರ ಮೇಲೆಯೇ ಒಂದು ಸಂಸಾರ ಕಟ್ಟಲು ಹೊರಟಿದ್ದಳು.

ಅಂದು ಸಂಜೆಯೇ ಕೂರಿಸಿ ಹೇಳಿದೆ. ಮುಷ್ಟಿ, ಸಾರು, ಸೌಟು, ಯಾವುದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಕೇಳಿದಳು.

‘ಅವಂಗ ಗೊತ್ತಾತೇನು?’

‘ಮೊದಲನೇ ತುತ್ತಿಗೇ.’

‘ಗೊತ್ತಾಗಿನೂ ಎಲ್ಲಾ ಉಂಡನೇನು?’

‘ಉಂಡ.’

ಅವಳು ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ಅವನು ಯಾಕೆ ಸುಮ್ಮನಿದ್ದ ಎಂದು ಅವಳು ನನ್ನನ್ನು ಕೇಳಲಿಲ್ಲ. ಅವಳಿಗೆ ಉಳಿದಿದ್ದವಳು ನಾನೊಬ್ಬಳೇ ಎಂದು ಅವನಿಗೆ ಗೊತ್ತಿತ್ತು. ನನಗೆ ಅದು ಆಗಲೇ ಗೊತ್ತಾಗಿತ್ತು, ಅವನು ಊಟ ಚೆನ್ನಾಗಿದೆ ಎಂದಾಗಲೇ. ಗೊತ್ತಿದ್ದೂ ನಾಲ್ಕು ವರ್ಷ ಕೂತೆ.

ಕ್ಷಮಿಸು ಎಂದು ಕೇಳಿಲ್ಲ. ಕೇಳಿದರೆ ಅವಳು ಏನಾದರೂ ಕೊಡಬೇಕಾಗುತ್ತದೆ. ಅವಳ ಹತ್ತಿರದಿಂದ ನಾನು ತೆಗೆದುಕೊಂಡದ್ದು ಸಾಕು.

ಮರುದಿನವೇ ಮಹಾನವಮಿ ಅಮಾವಾಸ್ಯೆ. ಬೆಳಿಗ್ಗೆ ಎದ್ದು ದೇವದುರ್ಗದವರಿಗೆ ಫೋನ್ ಹಚ್ಚಿ, ಹುಡುಗಿಯ ತಪ್ಪಿಲ್ಲ, ಮಾತು ಕೆಡಿಸಿದವಳು ನಾನು, ಸದ್ಯ ಬರಬೇಡಿ ಎಂದೆ. ಸ್ನಾನ ಮಾಡಿ ಒಲೆ ಹಚ್ಚಿದೆ. ಮಗನ ಎಡೆ ಸಪ್ಪಗೆ ತೆಗೆದಿಟ್ಟೆ. ಉಳಿದ ಸಾರಿಗೆ ಉಪ್ಪು ಹಾಕಿದೆ, ಹಿಡಿ ಪೂರ್ತಿ ಬಿಚ್ಚಿ. ಇನ್ನೊಂದು ಸಲ ಅವನು ಬರುತ್ತಾನೋ, ನೀರು ಬಿಡುತ್ತದೋ, ನನಗೆ ಗೊತ್ತಿಲ್ಲ. ನೀಲಾ ಬಾಗಿಲು ತೆರೆದು ಬಂದು ನಿಂತಳು. ರಾತ್ರಿಯೆಲ್ಲ ನಿದ್ದೆ ಮಾಡಿದ ಕಣ್ಣಲ್ಲ ಅವು. ಉಪ್ಪು ಹಾಕಿದ್ದೇನೆ ಎಂದು ಬಾಯಲ್ಲಿ ಹೇಳುವ ಮುಖ ನನಗಿರಲಿಲ್ಲ. ಸೌಟಿನಲ್ಲಿ ಸಾರು ತೆಗೆದು ಅವಳ ಮುಂದೆ ಹಿಡಿದೆ.

ಎಂಜಲಾಗುತ್ತದೆ ಎಂದು ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ರುಚಿ ನೋಡಿದಳು. ಡಬ್ಬಿಗೆ ಕೈ ಹಾಕಿ ಇನ್ನೊಂದು ಚಿಟಿಕೆ ಉಪ್ಪು ತಾನೇ ಹಾಕಿದಳು. ನಾನು ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಎತ್ತಿಕೊಂಡು, ಮಧ್ಯಾಹ್ನದೊಳಗೆ ಮಲ್ಲಟದ ಬಾವಿ ಮುಟ್ಟಲು ಮಾನ್ವಿ ಬಸ್ಸಿಗೆ ನಡೆದೆ.