ಕ್ಯಾಂಟೀನಿನ ರಾಕ್ಷಸ

ನನ್ನ ಕಾಕಾನ ಮಗನ ಮುಂದಿನ ಎರಡು ಹಲ್ಲು ಉದುರಿಸಿದವನು ನಾನೇ. ಕ್ಯಾಂಟೀನಿನ ಸ್ಟೀಲ್ ತಟ್ಟೆಯನ್ನು ಅಡ್ಡ ಹಿಡಿದು ಅವನ ಬಾಯಿಯ ಮೇಲೆ ಬಾರಿಸಿದೆ. ಬಿದ್ದ ಮೇಲೂ ಬಿಡದೆ ಎದೆಯ ಮೇಲೆ ಕೂತು ಹೊಡೆದೆ. ಮೂವರು ಸೇರಿ ನನ್ನ ತೋಳು ತಿರುಚಿ ಎಬ್ಬಿಸಬೇಕಾಯಿತು. ನಿಪ್ಪಾಣಿಯ ಚಹಾದಂಗಡಿಯಲ್ಲಿ ಇವತ್ತಿಗೂ ಯಾರಾದರೊಬ್ಬರು ನನ್ನ ಬೆನ್ನು ತಟ್ಟಿ, "ಗೆಳ್ಯಾನ ಸಲುವಾಗಿ ಸ್ವಂತ ಕಾಕಾನ ಮಗನ್ನೂ ಬಿಡ್ಲಿಲ್ಲ ನೋಡ್ರಿ. ಗಂಡಸಂದ್ರ ಇಂವ" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಹೊಗಳಿದವನಿಗೇ ಎರಡು ಬಿಗಿಯಬೇಕು ಅನಿಸುತ್ತದೆ. ಅವರಿಗೆ ಗೊತ್ತಿರುವುದು ಅರ್ಧ ಕತೆ ಮಾತ್ರ. ಉಳಿದರ್ಧ ಬರೆದು ಮುಗಿಸುತ್ತೇನೆ.

ಕೊಗನೊಳ್ಳಿ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಅದರಲ್ಲಿ ಜಪಾನಿನವರ ಪಾಲಿದೆ. ಅಲ್ಲಿ ನಾನು ದುಭಾಷಿ. ಮನೆಯಲ್ಲಿ ಕಬ್ಬು, ದ್ರಾಕ್ಷಿ ಎಲ್ಲ ಇದ್ದರೂ ಹೊಲದ ಕಡೆ ಮನಸ್ಸು ಹೋಗದ ನಾನು ಪುಣೆಯಲ್ಲಿ ಎರಡು ವರ್ಷ ಜಪಾನಿ ಭಾಷೆ ಕಲಿತು ಬಂದಿದ್ದೆ. ಜಪಾನಿನ ಎಂಜಿನಿಯರುಗಳು ಒಟ್ಟು ಐದು ಮಂದಿ. ಅವರಲ್ಲಿ ಹಿರಿಯರನ್ನು ಕೆಲಸಗಾರರೆಲ್ಲ "ಅಜ್ಜಾರು" ಎನ್ನುತ್ತಿದ್ದರು. ಅಜ್ಜನಿಗೆ ಹಬ್ಬಗಳ ಹುಚ್ಚು. ತಮ್ಮ ದೇಶದ ಒಂದು ಹಬ್ಬವನ್ನೂ ಬಿಟ್ಟವರಲ್ಲ. ಜುಲೈ ತಿಂಗಳಲ್ಲಿ ಬಣ್ಣದ ಚೀಟಿಗಳ ಮೇಲೆ ಕೋರಿಕೆ ಬರೆದು ಬಿದಿರಿಗೆ ಕಟ್ಟುವ ಹಬ್ಬ ಬರುತ್ತದೆ. ಬಿದಿರು ಸಿಗದ ವರ್ಷ ನಮ್ಮ ಹೊಲದಿಂದ ನಾಲ್ಕು ಜಲ್ಲೆ ಕಬ್ಬು ತಂದು ನಿಲ್ಲಿಸಿದೆವು. "ನೌಕರಿ ಪರ್ಮನೆಂಟ್ ಆಗಲಿ" ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ಬರೆದ ಚೀಟಿಗಳೇ ಮುಕ್ಕಾಲು ಪಾಲು. ಹಬ್ಬ ಮುಗಿದ ಮೇಲೆ ಕಬ್ಬನ್ನು ಯಾರೋ ಸಿಗಿದು ತಿಂದರು. ಅಜ್ಜ ನಕ್ಕು ನಕ್ಕು ಕೆಮ್ಮಿದರು.

ಫೆಬ್ರುವರಿಯ ಮೊದಲ ವಾರದಲ್ಲಿ ಸೆತ್ಸುಬುನ್. ಒಬ್ಬನು ರಾಕ್ಷಸನ ಮುಖವಾಡ ಹಾಕಿಕೊಂಡು ಬರುತ್ತಾನೆ. ಉಳಿದವರು "ರಾಕ್ಷಸ ಹೊರಗೆ, ಭಾಗ್ಯ ಒಳಗೆ" ಎಂದು ಕೂಗುತ್ತ ಹುರಿದ ಸೋಯಾ ಕಾಳು ಎಸೆದು ಅವನನ್ನು ಬಾಗಿಲಾಚೆ ಓಡಿಸುತ್ತಾರೆ. ಸೋಯಾ ನಮ್ಮ ಕಡೆ ಮೂಟೆಗಟ್ಟಲೆ ಬೆಳೆಯುವ ಕಾಳು. ಕ್ಯಾಂಟೀನಿನವರೇ ದೊಡ್ಡ ಬಾಣಲೆಯಲ್ಲಿ ಹುರಿದು, ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಮೂರು ವರ್ಷ ಮುಖವಾಡ ಹಾಕಿದವರು ಅಜ್ಜನೇ. ದೊಡ್ಡ ಸಾಹೇಬರಿಗೆ ಜೋರಾಗಿ ಎಸೆಯುವ ಧೈರ್ಯ ಯಾರಿಗಿದೆ? ಎಲ್ಲರೂ ಮದುವೆಯ ಅಕ್ಷತೆ ಹಾಕಿದ ಹಾಗೆ ಹಾಕಿ, ಉಳಿದ ಕಾಳನ್ನು ತಿಂದುಕೊಂಡು ಮಷೀನಿಗೆ ಮರಳುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ರಾಕ್ಷಸ ಯಾಕಾಗುತ್ತಾರೆ ಎಂದು ಯಾರೂ ಕೇಳಲಿಲ್ಲ.

ನಾಲ್ಕನೆಯ ವರ್ಷ ರಾಕ್ಷಸನಾದವನು ನನ್ನ ಗೆಳೆಯ. ಬೋರಗಾಂವದ ಆಚೆಗಿನ ನಮ್ಮೂರಲ್ಲಿ ಅವನದು ಕೇರಿಯ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಅವನ ತಾಯಿ ನಮ್ಮ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದಳು. ನಾನು ಐದು ವರ್ಷದವನಿದ್ದಾಗಿನಿಂದ ನನ್ನನ್ನು "ಸಾವ್ಕಾರ್ರ" ಎಂದೇ ಕರೆಯುತ್ತಿದ್ದಳು. ನಾವಿಬ್ಬರೂ ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನವರು. ಅವನು ಐಟಿಐ ಮುಗಿಸಿ, ಯಾರ ಶಿಫಾರಸೂ ಇಲ್ಲದೆ ಕಾರ್ಖಾನೆ ಸೇರಿದ. ಮಷೀನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವಷ್ಟು ಕೆಲಸ ಕಲಿತ. ಅಜ್ಜ ಅವನನ್ನು ಮೂರು ತಿಂಗಳ ತರಬೇತಿಗೆ ಜಪಾನಿಗೆ ಕಳಿಸಿದರು. ಬಂದ ಮೇಲೆ ಇಡೀ ಲೈನಿನ ಮುಖ್ಯಸ್ಥನನ್ನಾಗಿ ಮಾಡಿದರು. ಆ ಜಾಗದ ಮೇಲೆ ಕಣ್ಣಿಟ್ಟಿದ್ದವನು ಅದೇ ಲೈನಿನ ಸೂಪರ್‌ವೈಸರ್ ಆಗಿದ್ದ ನನ್ನ ಕಾಕಾನ ಮಗ.

"ನಮ್ಮ ಹೊಲದಾಗ ಕಬ್ಬ ಕಡಿಯಾಕಿ ಮಗಾ ನನಗ ಆರ್ಡರ್ ಹಾಕ್ತಾನಂತ. ನೋಡ್ತೀನಿ ಎಷ್ಟ ದಿನಾ ಹಾಕ್ತಾನ" ಎಂದು ಕಾಕಾನ ಮಗ ಕಂಪನಿಯ ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ನಿಜ ಹೇಳಬೇಕೆಂದರೆ ನನ್ನ ಹೊಟ್ಟೆಯಲ್ಲೂ ಕಿಚ್ಚು ಇತ್ತು. ಜಪಾನಿ ಕಲಿತವನು ನಾನು, ವಿಮಾನ ಹತ್ತಿದವನು ಅವನು. ಬರುವಾಗ ಅಷ್ಟಿಷ್ಟು ಭಾಷೆಯನ್ನೂ ಕಲಿತು ಬಂದಿದ್ದ. ಒಂದೆರಡು ಸಲ ನನ್ನನ್ನು ಬಿಟ್ಟು ನೇರವಾಗಿ ಅಜ್ಜನ ಹತ್ತಿರ ಮಾತಾಡಿದ್ದನ್ನು ನೋಡಿ ನನಗೆ ಅನ್ನ ಇಳಿಯಲಿಲ್ಲ. ನಮಸ್ಕಾರ, ಅಂಕಿ ಸಂಖ್ಯೆ ಇಷ್ಟೇ ಬರುತ್ತಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಹಬ್ಬದ ದಿನ ಊಟದ ಬಿಡುವಿನಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿದ್ದರು. ಎಂಬತ್ತು ಜನ ಪೊಟ್ಟಣ ಹಿಡಿದು ನಿಂತಿದ್ದರು. ಅಜ್ಜ ಕೆಂಪು ಕಾಗದದ ಮುಖವಾಡವನ್ನು ಎರಡೂ ಕೈಯಿಂದ ಗೆಳೆಯನಿಗೆ ಕೊಟ್ಟು, ಸೊಂಟ ಬಗ್ಗಿಸಿ ವಂದಿಸಿದರು. ಅವನು ಹಾಕಿಕೊಂಡ. ಆಮೇಲೆ ಅಜ್ಜ ನಮ್ಮೆಲ್ಲರ ಕಡೆ ತಿರುಗಿ ಜಪಾನಿಯಲ್ಲಿ ಹೀಗೆ ಹೇಳಿದರು: "ನಮ್ಮ ದೇಶದಲ್ಲಿ ಈ ದಿನ ರಾಕ್ಷಸನಾಗುವವನು ಮನೆಯ ತಂದೆ. ಮನೆಗೆ ಬರಬಹುದಾದ ಕೇಡನ್ನೆಲ್ಲ ತನ್ನ ಮೈಮೇಲೆ ಹಾಕಿಕೊಂಡು ಹೊರಗೆ ಒಯ್ಯುತ್ತಾನೆ. ಇಷ್ಟು ವರ್ಷ ನಾನು ಆ ಕೆಲಸ ಮಾಡಿದೆ. ಈ ಲೈನಿಗೆ ಇನ್ನು ಇವರೇ ತಂದೆ. ಕಾಳನ್ನು ಮೆಲ್ಲಗೆ ಎಸೆಯಿರಿ, ಮುಖಕ್ಕೆ ಬೇಡ."

ಎಲ್ಲರೂ ನನ್ನ ಬಾಯಿ ನೋಡಿದರು. ಮೊದಲ ಸಾಲಿನಲ್ಲಿ ಕಾಕಾನ ಮಗ ಕೈಕಟ್ಟಿ ನಿಂತಿದ್ದ. ಅವನ ಪಕ್ಕದಲ್ಲಿ ನಮ್ಮೂರಿನ, ನಮ್ಮ ಭಾವಕಿಯ, ಅಂದರೆ ದಾಯಾದಿ ಮನೆಗಳ ಇನ್ನೂ ನಾಲ್ವರು. ಅವರ ಮುಂದೆ ಇವನನ್ನು ತಂದೆ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ನಾಚಿಕೆಯಾಯಿತು. ಹಾಳು ನಾಚಿಕೆ! ಅದರ ಜೊತೆಗೆ ಆ ಹೊಟ್ಟೆಕಿಚ್ಚೂ ಇತ್ತು.

"ಈ ವರ್ಷ ರಾಕ್ಷಸ ಇಂವ. ಕಾಳ ಹೊಡದ ಹೊರಗ ಹಾಕ್ರಿ" ಎಂದೆ. ಮರಾಠಿಯಲ್ಲೂ ಅಷ್ಟೇ ಹೇಳಿದೆ.

ಜನ ಹೋ ಎಂದು ನಕ್ಕರು. ತಮ್ಮ ಅಷ್ಟುದ್ದದ ಮಾತು ಇಷ್ಟು ಗಿಡ್ಡವಾಯಿತಲ್ಲ ಎಂದು ಅಜ್ಜ ಒಂದು ಕ್ಷಣ ನನ್ನ ಕಡೆ ನೋಡಿದರು. ನನ್ನ ಮೇಲೆ ಅವರಿಗೆ ನಂಬಿಕೆ ಇತ್ತು, ಮುಗುಳ್ನಕ್ಕು ಹಿಂದೆ ಸರಿದರು. ಮುಖವಾಡವೂ ನನ್ನ ಕಡೆ ತಿರುಗಿ ಸ್ವಲ್ಪ ಹೊತ್ತು ಹಾಗೇ ನಿಂತಿತು. ದಾರ ಬಿಗಿ ಮಾಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ.

ಮೊದಲ ಹಿಡಿ ಎದೆಗೆ ಬಿತ್ತು, ಎರಡನೆಯದು ಕುತ್ತಿಗೆಗೆ. ಅಕ್ಷತೆಯ ಕೈ ಅವತ್ತು ಯಾರಲ್ಲೂ ಇರಲಿಲ್ಲ. ಬುಗುರಿ ಬೀಸುವ ಹಾಗೆ ತೋಳು ಬೀಸಿ ಬೀಸಿ ಹೊಡೆದರು. ಭಾಗ್ಯ ಒಳಗೆ ಎನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ. "ಹೊರಗ ಹೋಗಲೇ! ಹೊರಗ!" ಎಂಬ ಕೂಗಷ್ಟೇ ತಗಡಿನ ಚಾವಣಿಗೆ ಬಡಿದು ಮರಳಿ ಬಂತು. ನಮ್ಮೂರಲ್ಲಿ ಅದು ಹೊಸ ಮಾತಲ್ಲ. ಗುಡಿಯ ಕಟ್ಟೆಯ ಹತ್ತಿರ, ನೀರಿನ ಟಾಕಿಯ ಹತ್ತಿರ ಗೆಳೆಯನ ಅಪ್ಪ ಅದನ್ನು ಕೇಳಿದ್ದಾನೆ, ಅಪ್ಪನ ಅಪ್ಪ ಕೇಳಿದ್ದಾನೆ. ನಾನೂ ಒಂದು ಹಿಡಿ ತೆಗೆದುಕೊಂಡು ಇದ್ದ ಬಲವನ್ನೆಲ್ಲ ಹಾಕಿ ಎಸೆದೆ. ಕಾಳು ಅವನ ಅಂಗಿಗೆ ಬಡಿದ ಸದ್ದು ನನಗೆ ಹಿತವಾಗಿತ್ತು. ಇದನ್ನು ನಾನು ಪೊಲೀಸರಿಗೆ ಹೇಳಿಲ್ಲ.

ಠಣ್ ಎಂದು ಅವನ ಹಿಂದಿನ ಕಬ್ಬಿಣದ ಬಾಗಿಲು ಸದ್ದು ಮಾಡಿತು. ಸೋಯಾ ಕಾಳಿಗೆ ಆ ಸದ್ದು ಬರುವುದಿಲ್ಲ. ತಿರುಗಿ ನೋಡಿದರೆ ಕಾಕಾನ ಮಗನ ಮುಷ್ಟಿ ಮತ್ತೆ ಮೇಲೆದ್ದಿತ್ತು, ಬೆರಳ ಸಂದಿಯಲ್ಲಿ ಕಾಳಿನ ಜೊತೆ ಸ್ಟೀಲಿನ ನಟ್ಟುಗಳು ಹೊಳೆದವು. ನಾನು ಬಾಯಿ ತೆರೆಯುವುದರೊಳಗೆ ಅವನು ಬೀಸಿ ಎಸೆದ. ಗೆಳೆಯ ಎರಡೂ ಕೈಯಿಂದ ಮುಖವಾಡ ಹಿಡಿದುಕೊಂಡು ಕುಸಿದ. ಜನ ಅದನ್ನೂ ಆಟವೆಂದು ತಿಳಿದು ಚಪ್ಪಾಳೆ ತಟ್ಟಿದರು. ಮೊದಲ ಸಾಲಿನ ನಾಲ್ವರೂ ಮುಂದೆ ನುಗ್ಗಿ ಅವನ ಪಕ್ಕೆಗೆ ಬೂಟುಗಾಲಿನಿಂದ ಒದ್ದರು. ಕಾಲರ್ ಹಿಡಿದು ಎಳೆದು, ಬಾಗಿಲಾಚೆಯ ಮೂರು ಮೆಟ್ಟಿಲ ಕೆಳಗೆ ಉರುಳಿಸಿದರು. ಮುಖವಾಡವೇ ಕೆಂಪಾಗಿದ್ದರಿಂದ ರಕ್ತ ಮೊದಲು ಗೊತ್ತಾಗಲಿಲ್ಲ. ಸಿಮೆಂಟಿನ ಮೇಲೆ ಹರಿದಾಗ ಚಪ್ಪಾಳೆ ನಿಂತಿತು. ಹಬ್ಬ ನೋಡಲು ಬಂದಿದ್ದ ಅಜ್ಜನ ಹೆಂಡತಿ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಕೊರಳ ವಸ್ತ್ರವನ್ನು ಕಣ್ಣಿಗೆ ಒತ್ತಿ ಹಿಡಿದರು. ನಾನು ಹತ್ತಿರ ಸಿಕ್ಕ ತಟ್ಟೆ ಎತ್ತಿಕೊಂಡದ್ದು ಆಗ.

ಬಲಗಣ್ಣು ಹೋಯಿತು. ಕೊಲ್ಹಾಪುರದ ಆಸ್ಪತ್ರೆಯವರು ಎರಡು ಆಪರೇಶನ್ ಮಾಡಿ ಕೈಚೆಲ್ಲಿದರು. ಇತ್ತ ಊರಲ್ಲಿ ಕಾಕಾ ಬಡಿಗೆ ಹಿಡಿದು ನಮ್ಮ ಅಂಗಳಕ್ಕೆ ಬಂದು ನನ್ನ ಬೈಕಿನ ದೀಪ ಪುಡಿ ಮಾಡಿದ. "ಆಟದಾಗ ಆಗಿದ್ದು ಅಂತ ಬರಸಿಕೊಡೋ. ರಕ್ತ ಸಂಬಂಧ ಐತಿ" ಎಂದು ಅಪ್ಪ ನನ್ನ ಕೆನ್ನೆಗೆ ಬಾರಿಸಿದರು. ನಾನು ಬರೆಸಿಕೊಡಲಿಲ್ಲ. ಠಾಣೆಗೆ ಹೋಗಿ ನಟ್ಟುಗಳ ವಿಷಯ, ಒದ್ದವರ ಹೆಸರು ಎಲ್ಲ ಹೇಳಿ ಸಹಿ ಮಾಡಿದೆ. ಐವರನ್ನೂ ಒಳಗೆ ಹಾಕಿದರು. ನನಗೆ ಶೂರನೆಂಬ ಹೆಸರು ಬಂತು. ಒಳಗೊಳಗೇ ನಾನೂ ಅದನ್ನು ನಂಬತೊಡಗಿದ್ದೆ.

ಎರಡನೆಯ ಆಪರೇಶನ್ ಆದ ಮರುದಿನ ಮಧ್ಯಾಹ್ನ ಅಜ್ಜನ ಜೊತೆ ಆಸ್ಪತ್ರೆಗೆ ಹೋದೆ. ಗೆಳೆಯನ ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ್ದರು. ತಾಯಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಅಜ್ಜ ಅವಳೆದುರು ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿದರು. ಅವಳು ಗಾಬರಿಯಾಗಿ ಎದ್ದು ಗೋಡೆಗೆ ಒರಗಿದಳು. ಅಜ್ಜ ತಲೆ ಎತ್ತದೆ ಹೇಳಿದರು: "ಇವರು ನಿಮ್ಮೆಲ್ಲರ ತಂದೆ, ಮುಖಕ್ಕೆ ಎಸೆಯಬೇಡಿ ಎಂದು ನಾನು ಅಷ್ಟು ಸ್ಪಷ್ಟವಾಗಿ ಹೇಳಿದ್ದೆ. ಅದನ್ನು ಕೇಳಿಯೂ ಅವರು ಯಾಕೆ ಹೀಗೆ ಮಾಡಿದರು? ನನಗೆ ತಿಳಿಯುತ್ತಿಲ್ಲ. ತಾಯಿಯವರನ್ನು ಕೇಳಿ."

"ಏನಂತಾರ್ರಿ ಸಾವ್ಕಾರ್ರ?" ಎಂದಳು ತಾಯಿ.

ಗೆಳೆಯ ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ಆ ಕಣ್ಣು ತಪ್ಪಿಸಿ, "ಭಾಳ ಕೆಟ್ಟ ಅನಿಸೇತಂತ, ಕ್ಷಮಾ ಮಾಡ್ರಿ ಅಂತಾರ ಯವ್ವಾ" ಎಂದೆ.

ಅವನು ಮೊಣಕೈ ಊರಿ ಮೇಲೆದ್ದು ಕೂತ. ಅಜ್ಜನ ಕಡೆ ತಿರುಗಿ ಜಪಾನಿಯಲ್ಲಿ, ಒಂದೊಂದೇ ಶಬ್ದ ಹುಡುಕಿ ಜೋಡಿಸುತ್ತ, "ನೀವು ಹೇಳಿದ್ದನ್ನು ಇವನು ಅವರಿಗೆ ಹೇಳಲಿಲ್ಲ. ಈಗಲೂ ಹೇಳಲಿಲ್ಲ" ಎಂದ. ಆಮೇಲೆ ತಾಯಿಗೆ ಹೇಳಿದ: "ಅವತ್ತ ಅಜ್ಜಾರು ನನ್ನ ಅವರೆಲ್ಲಾರಿಗೂ ತಂದಿ ಅಂದ್ರವ್ವಾ. ಮುಖಕ್ಕ ಹೊಡೀಬ್ಯಾಡ್ರಿ ಅಂದ್ರು. ಇಂವ ಅದನ್ನ ನುಂಗಿದ."

ಅಜ್ಜ ಎದ್ದು ನಿಂತರು, ನನ್ನ ಕಡೆ ನೋಡದೆ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು.

"ನಿನಗ ಅವತ್ತ ಎಲ್ಲಾ ತಿಳದಿತ್ತೇನ?" ಎಂದು ಗೆಳೆಯನನ್ನು ಕೇಳಿದೆ.

"ತಿಳದಿತ್ತು."

"ಮತ್ತ ಮುಖವಾಡಾ ಯಾಕ ತಗೀಲಿಲ್ಲೋ? ಯಾಕ ನಿಂತಿ?"

ಅವನು ಸಿಟ್ಟಿಲ್ಲದ ದನಿಯಲ್ಲಿ ಹೇಳಿದ.

"ನೀ ಅದೀಯಲಾ ಅಂತ ನಿಂತ್ನಿ. ಮುಂದಿನ ಮಾತಿನ್ಯಾಗರ ಹೇಳ್ತಾನ ಅನ್ಕೊಂಡ್ನಿ."