ಮಸ್ಕಿಯನ್ನು ಹೆದರಿಸಿದ ನನ್ನ ಬುತ್ತಿ

ಗೆಳೆಯರೇ, ಇವತ್ತು ನನ್ನ ಬುತ್ತಿಗೆ ಹೆದರಿ ಮಸ್ಕಿಯಲ್ಲಿ ಒಂದು ಅಂಗಡಿ ಸಾಲೇ ಖಾಲಿಯಾಯಿತು.

ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗಳಲ್ಲಿ ಅಪಾಯದ ಸಾಮಾನನ್ನು ಗುರುತಿಸುವುದು ಹೇಗೆ ಎಂದು ಕೊರಿಯರ್ ಸಿಬ್ಬಂದಿಗೆ ಕಲಿಸುವುದು ನನ್ನ ಕೆಲಸ. ಸಿಂಧನೂರು ಕಚೇರಿಯಲ್ಲಿ ತೋರಿಸಲೆಂದು ಖಾಲಿ ಡಬ್ಬಿಗೆ ಬೆಂಕಿ ಚಿತ್ರದ ಕೆಂಪು ಸ್ಟಿಕ್ಕರ್ ಅಂಟಿಸಿದ್ದೆ. ಯಾರೂ ಮುಟ್ಟಲಿಕ್ಕಿಲ್ಲ ಎಂದು ನನ್ನ ಬುತ್ತಿಯನ್ನೂ ಅದರೊಳಗೇ ಇಟ್ಟೆ. ಪಾಠಕ್ಕೆ ಬಾರದ ವ್ಯಾನ್ ಡ್ರೈವರ್ ಅದನ್ನೂ ಪಾರ್ಸೆಲ್ ಎಂದುಕೊಂಡು ಮಸ್ಕಿಗೆ ಒಯ್ದುಬಿಟ್ಟ.

ಮಧ್ಯಾಹ್ನ, ನಿನ್ನೆಯಷ್ಟೇ ನನ್ನ ಪಾಠ ಕೇಳಿದ್ದ ಮಸ್ಕಿ ಶಾಖೆಯ ವೀರೇಶ ಫೋನ್ ಮಾಡಿದ.

"ಸರ್, ಬೆಂಕಿ ಡಬ್ಬಿ ಬಂದೈತ್ರಿ. ಬಯಲಾಗ ಇಟ್ಟು ಸುತ್ತ ಉಸುಕು ಹಾಕೀನಿ. ಚಾದಂಗಡಿಯವ್ರು ಒಲಿನೂ ಆರಿಸ್ಯಾರ."

"ಏ ವೀರೇಶ, ಅದರಾಗ ನನ್ನ ರೊಟ್ಟಿ ಅದಾವೋ! ತೆಗದು ನೋಡು."

"'ಒಳಗ ತಿನ್ನೋದೈತಿ ಅಂದ್ರ ನಂಬಬ್ಯಾಡ್ರಿ, ಎಲ್ಲಾರೂ ಹಂಗ ಹೇಳ್ತಾರ' ಅಂತ ನಿನ್ನೆ ನೀವ ಹೇಳೀರಲ್ರಿ?"

ಬೈಕ್ ಹತ್ತಿ ಮಸ್ಕಿಗೆ ಹೋದೆ. ಜನರೆಲ್ಲ ರಸ್ತೆಯಾಚೆ ನಿಂತಿದ್ದರು. ನಾನು ಡಬ್ಬಿಯ ಕಡೆ ಹೆಜ್ಜೆ ಹಾಕಿದ್ದೇ ತಡ, ಮುದುಕಿಯೊಬ್ಬಳು ಕೂಗಿದಳು: "ಬ್ಯಾಡೋ ಯಪ್ಪಾ, ಮನ್ಯಾಗ ಹೇಂತಿ ಮಕ್ಕಳು ಇಲ್ಲೇನೋ ನಿನಗ?"

ಅವಳ ದನಿ ಕೇಳಿ, ನಾನೇ ಕಟ್ಟಿಕೊಂಡ ಬುತ್ತಿ ಎಂದು ಗೊತ್ತಿದ್ದರೂ ಮುಖ ಅತ್ತ ತಿರುಗಿಸಿಕೊಂಡೇ ಮುಚ್ಚಳ ತೆಗೆದೆ.

ಎಲ್ಲರೆದುರು ರೊಟ್ಟಿ, ಶೇಂಗಾ ಚಟ್ನಿ ತಿಂದು ತೋರಿಸಿದೆ. ಜನ ಹತ್ತಿರ ಬಂದರು. ವೀರೇಶ ಮಾತ್ರ ದೂರವೇ ನಿಂತು, "ಇನ್ನಾ ಸ್ವಲ್ಪ ಹೊತ್ತು ನೋಡೋಣ್ರಿ ಸರ್" ಎಂದ.

ಅವನಿಗೆ ತರಬೇತಿಯಲ್ಲಿ ಪೂರ್ತಿ ಅಂಕ ಕೊಟ್ಟು ಬಂದಿದ್ದೇನೆ. ಕೊಡದಿದ್ದರೆ ಫೇಲಾಗುತ್ತಿದ್ದವನು ನಾನು.