ಹೊಟ್ಟು ನಿನಗ, ಕಾಳು ನಮಗ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಸತ್ತವರ ದನಿ ಕೇಳಿತು, ಕನಸಿನಲ್ಲಿ ಕಂಡದ್ದು ಎದುರಿಗೇ ಬಂತು ಎಂದು ಯಾರಾದರೂ ಶುರು ಮಾಡಿದರೆ, ಇವರಿಗೆ ನನ್ನಿಂದ ಏನೋ ಬೇಕಾಗಿದೆ ಎಂದೇ ನನ್ನ ಮನಸ್ಸಿಗೆ ಬರುತ್ತಿತ್ತು. ನಾನು ಹುಟ್ಟಿನಿಂದಲೇ ಅನುಮಾನದವಳು. ಬಜಾರದಲ್ಲಿ ಬದನೆಕಾಯಿ ತೂಗುವಾಗ ಮೊದಲು ತಕ್ಕಡಿ ನೋಡುತ್ತೇನೆ, ಆಮೇಲೆ ತೂಗುವವನ ಕೈ ನೋಡುತ್ತೇನೆ. ಹೀಗಿರುವ ನನಗೇ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆದದ್ದನ್ನು ಈಗ ನಿಮಗೆ ಹೇಳಬೇಕಾಗಿದೆ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಮೊಮ್ಮಗಳು ಅಶ್ವಿನಿ ಬಸವಕಲ್ಯಾಣದ ಒಂದು ಶಾಲೆಯಲ್ಲಿ ಆಟದ ಟೀಚರು. ಅವಳ ಬಗ್ಗೆ ಬರೆಯಲು ಕುಳಿತರೆ ನನ್ನ ಕೈ ನಿಲ್ಲುವುದಿಲ್ಲ, ಅದಕ್ಕೆ ಒಂದೇ ಮಾತು ಹೇಳುತ್ತೇನೆ. ಹುಮನಾಬಾದಿನ ನಮ್ಮ ಮನೆಗೆ ಅವಳು ಬಂದಳೆಂದರೆ ಓಣಿಯ ಹುಡುಗಿಯರೆಲ್ಲ ಚಪ್ಪಲಿ ಬಿಟ್ಟು ಓಡಲು ತಯಾರಾಗಿ ನಿಲ್ಲುತ್ತಾರೆ. ಆಕೆ ಒಮ್ಮೆ ಪುಣೆ ಕಡೆಯ ಗುಡ್ಡದಲ್ಲಿ ಪ್ಯಾರಾಗ್ಲೈಡಿಂಗ್ ಮಾಡಿ ಬಂದಳು. ದೊಡ್ಡ ಬಟ್ಟೆಯ ರೆಕ್ಕೆಗೆ ಹಗ್ಗ ಕಟ್ಟಿ, ಅದರ ಕೆಳಗೆ ಇಬ್ಬರು ಕುಳಿತು, ಗುಡ್ಡದ ಅಂಚಿನಿಂದ ಗಾಳಿಗೆ ಬಿದ್ದು ತೇಲುವ ಆಟ ಅದು. ಹಿಂದೆ ಕುಳಿತ ಗೈಡ್ ಹಗ್ಗ ಎಳೆದು ನಡೆಸುತ್ತಾನೆ. ಅಲ್ಲಿಂದ ಬಂದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ಶಾಲೆಯ ಇನ್ನಿಬ್ಬರು ಟೀಚರುಗಳ ಜೊತೆ ಸೇರಿ, ರಜೆಯಲ್ಲಿ ಇಂಡೋನೇಷ್ಯಾ ದೇಶದ ಬಾಲಿ ಎಂಬ ದ್ವೀಪಕ್ಕೆ ಹೋಗಿ ಸಮುದ್ರದ ಮೇಲೆ ಹಾರುವುದೆಂದು ಯೋಜನೆ ಹಾಕಿದಳು.

ನನ್ನ ಮಗ, ಅಂದರೆ ಅವಳ ಅಪ್ಪ, ಜಾಣ. ತಾನು ಬೇಡ ಅನ್ನಲಿಲ್ಲ. "ನಿಮ್ಮ ಆಯಿ ಹ್ಞೂಂ ಅಂದ್ರ ಹೋಗು" ಅಂದುಬಿಟ್ಟ. ಆಯಿ ಎಂದರೆ ನಾನು. ನಾನು ಹ್ಞೂಂ ಅನ್ನುವುದಿಲ್ಲ ಎಂದು ಅವನಿಗೆ ಖಾತ್ರಿ ಇತ್ತು. ನನಗೂ ಇತ್ತು. ಹೊರದೇಶ ತೋರಿಸುತ್ತೇವೆಂದು ಕರೆದೊಯ್ದು ಮಂದಿಯನ್ನು ಕೂಡಿಹಾಕುವ ಸುದ್ದಿಯನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಗುಡ್ಡದಿಂದ ಬಿದ್ದರೆ ಹುಡುಗಿ ಸಿಕ್ಕಾಳು, ಅಂಥವರ ಕೈಗೆ ಬಿದ್ದರೆ ಸಿಗುವುದಿಲ್ಲ.

"ಗೈಡ್ ಯಾರವ್ವ?" ಎಂದು ಕೇಳಿದೆ.

"ವಾಯನ್ ಅಂತ, ಆಯಿ."

"ಗಾಳಿಯಾಗ ಹಾರ್ಸಾವನ ಹೆಸರು ವಾಯನ್. ನಾಳಿ ನೀರಾಗ ಮುಳುಗ್ಸಾವನ ಹೆಸರು ವರುಣ ಅಂತೀ. ಹೆಸರೇ ಹುಟ್ಟಿಸಿಕೊಂಡಾನ ಅಂವ."

"ಅಲ್ಲಿ ಮೊದಲ ಮಗಗ ಅದೇ ಹೆಸರು ಇಡ್ತಾರಂತ."

"ಹಂಗಂತ ಯಾರು ಹೇಳ್ಯಾರ? ಅವನೇ ಹೇಳಿರಬೇಕು."

ಅವಳು ಜಗಳಕ್ಕೆ ಬರಲಿಲ್ಲ. ತನ್ನ ಬೂಟಿನ ದಾರ ಬಿಚ್ಚಿ ಕಟ್ಟುತ್ತಾ, "ನೀನೇ ಕಲ್ಯಾಣಕ್ಕ ಬಾ ಆಯಿ. ಫೋನಿನಾಗ ಅವನ ಮಾರಿ ನೋಡು. ಏನ್ ಬೇಕಾದ್ರೂ ಕೇಳು. ಆಮ್ಯಾಲ ಬ್ಯಾಡ ಅಂದ್ರ ನಾ ಮತ್ತ ಆ ಮಾತು ತಗಿಯಂಗಿಲ್ಲ" ಅಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಟಿಕೆಟ್ಟು, ವೀಸಾ ಎಲ್ಲ ಮಾಡಿಕೊಡುವವನು ಬಸವಕಲ್ಯಾಣದ ಮಹಬೂಬ. ಹೆಚ್ಚಾಗಿ ಹಜ್ಜಿಗೆ, ಉಮ್ರಾಕ್ಕೆ ಹೋಗುವವರ ಕೆಲಸ ಮಾಡುವವನು. ಹುಮನಾಬಾದಿನಿಂದ ಬಸ್ಸು ಹತ್ತಿ ಅವನ ಅಂಗಡಿಗೆ ಹೋದೆವು. ಅವನು ಚಹಾ ತರಿಸಿದ. ನಾನು ಮುಟ್ಟಲಿಲ್ಲ.

"ಕುಡೀರಿ ಅವ್ವಾ, ಅದರಾಗ ಏನೂ ಹಾಕಿಲ್ಲ" ಅಂದ.

"ಹಾಕಿದವರೂ ಹಾಂಗೇ ಅಂತಾರ" ಅಂದೆ.

ಅವನು ನಗುತ್ತಲೇ ಅಶ್ವಿನಿಯ ಫೋನನ್ನು ಮೇಜಿನ ಮೇಲೆ ಡಬ್ಬಿಗೆ ಆನಿಸಿ ನಿಲ್ಲಿಸಿದ. ವಿಡಿಯೋ ಕಾಲ್ ಬಂತು. ವಾಯನ್ ಎಂಬವನು ನಮ್ಮ ಬಣ್ಣದವನೇ. ತಲೆಗೆ ಬಟ್ಟೆ ಸುತ್ತಿದ್ದ. ನಮ್ಮ ಕಡೆಯ ದುಬಲಗುಂಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಯಾರೂ ಪರದೇಶದವನು ಅನ್ನಲಾರರು. ಹಿಂದೆ ಹುಲ್ಲು ಬೆಳೆದ ಗುಡ್ಡದ ಅಂಚು, ಅದರಾಚೆ ಸಮುದ್ರ. ಅವನ ಕಾಲ ಹತ್ತಿರ ಎಲೆಯ ಸಣ್ಣ ಬುಟ್ಟಿಯಲ್ಲಿ ಹೂವು, ಅನ್ನ ಇಟ್ಟಿದ್ದರು, ನಾವು ದೇವರಿಗೆ ಎಡೆ ಇಟ್ಟ ಹಾಗೆಯೇ. ಅದನ್ನು ನೋಡಿ ಸಮಾಧಾನ ಆಗಬೇಕಿತ್ತು, ನನಗೆ ಅನುಮಾನ ಇಮ್ಮಡಿಯಾಯಿತು.

"ಇಂವ ಇಲ್ಲೇ ಎಲ್ಲೋ ಕುಂತಾನ. ಹಿಂದ ಸಮುದ್ರದ ಪರದೆ ಕಟ್ಟ್ಯಾನ" ಅಂದೆ.

"ಪರದೆ ಆದ್ರ ಹುಲ್ಲು ಅಲ್ಲಾಡಂಗಿಲ್ರಿ ಅವ್ವಾ" ಅಂದ ಮಹಬೂಬ.

"ಈಗೂ ಅಲ್ಲಾಡವಲ್ದು, ನೋಡು."

ಖರೆ ಇತ್ತು. ಹುಲ್ಲಿನ ಒಂದು ಎಳೆಯೂ ಅಲುಗುತ್ತಿರಲಿಲ್ಲ. ಹಾರುವ ಬಟ್ಟೆ ನೆಲದ ಮೇಲೆ ಒಣಗಲು ಹಾಕಿದ ಸೀರೆಯಂತೆ ಬಿದ್ದಿತ್ತು. ನನಗೆ ಪ್ರಶ್ನೆ ಸಿಕ್ಕಿತು. "ನಮ್ಮ ಹುಡುಗಿನ್ನ ಕಟ್ಟಿಕೊಂಡು ನಿಂತಾಗ ಹಿಂಗ ಗಾಳಿ ಸತ್ರ ಏನ್ ಮಾಡ್ತಿ ಅಂತ ಕೇಳು" ಅಂದೆ. ಅಶ್ವಿನಿ ಇಂಗ್ಲಿಷಿನಲ್ಲಿ ಕೇಳಿದಳು. ಅವನು ನಕ್ಕು, ಫೋನನ್ನು ಎಲ್ಲಿಯೋ ಒರಗಿಸಿ ಇಟ್ಟು, ಅಂಚಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ. ಎರಡು ಸಲ ತಗ್ಗಿದ ದನಿಯಲ್ಲಿ ಸೀಟಿ ಹೊಡೆದ. ಆಮೇಲೆ ಕೂಗಿದ.

"ಬಾರೋ ಭೀಮಾ ಬಾ. ಹೊಟ್ಟು ನಿನಗ, ಥೂ, ಕಾಳು ನಮಗ."

ಇದು ನಮ್ಮ ಅಪ್ಪನ ಕೂಗು. ನನ್ನ ತವರು ದುಬಲಗುಂಡಿ. ಜೋಳದ ರಾಶಿ ಮಾಡುವಾಗ ಅಪ್ಪ ಕಣದಲ್ಲಿ ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು, ಬುಟ್ಟಿ ಎತ್ತಿ ಹಿಡಿದು ಕಾಳು ತೂರುತ್ತಿದ್ದ. ಗಾಳಿ ನಿಂತರೆ ಎರಡು ಸೀಟಿ ಹೊಡೆದು, ಗಾಳಿಯ ಮಗನೆಂದು ಭೀಮನನ್ನು ಕರೆಯುತ್ತಿದ್ದ. ಬಾಯಿ ತೆರೆದಾಗ ಹೊಟ್ಟು ಒಳಗೆ ಹೋಗುತ್ತಿತ್ತು, ನಡುವೆ ಥೂ ಅನ್ನುತ್ತಿದ್ದ. ಎಷ್ಟು ರೂಢಿಯಾಗಿತ್ತೆಂದರೆ ಹೊಟ್ಟು ಹಾರದಿದ್ದರೂ ಆ ಜಾಗದಲ್ಲಿ ಥೂ ಬರುತ್ತಿತ್ತು. ನಾವು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದೆವು. ಊರಿನಲ್ಲಿ ಬೇರೆ ಯಾರೂ ಹಾಗೆ ಕೂಗುತ್ತಿರಲಿಲ್ಲ. ನನ್ನ ಮದುವೆಗೂ ಮೊದಲೇ ಅಪ್ಪ ತೀರಿಕೊಂಡ, ಆಮೇಲೆ ರಾಶಿಗೆ ಯಂತ್ರ ಬಂತು. ಗಾಳಿಯನ್ನು ಹೆಣ್ಣುಮಕ್ಕಳು ಕರೆಯಬಾರದು ಅನ್ನುತ್ತಿದ್ದರು, ಹಾಗಾಗಿ ನಾನು ಆ ಮಾತನ್ನು ಯಾರ ಮುಂದೆಯೂ ಆಡಿದವಳಲ್ಲ. ನನ್ನ ಮಗನಿಗೂ ಗೊತ್ತಿಲ್ಲ.

ಕಂಪ್ಯೂಟರಿನಿಂದ ತಲೆ ಎತ್ತಿ ಮಹಬೂಬ, "ಕನ್ನಡ ಅಂದಂಗಾತಲ್ರಿ?" ಅಂದ. ಫೋನಿನಲ್ಲಿ ಹುಲ್ಲು ಮೆಲ್ಲಗೆ ಬಾಗಿತು. ಬಿದ್ದಿದ್ದ ಬಟ್ಟೆ ಉಸಿರು ತುಂಬಿಕೊಂಡು ಎದ್ದಿತು.

ನಾನು ಅಶ್ವಿನಿಯ ಮುಂಗೈ ಹಿಡಿದೆ. "ಯಾರು ಕಲಿಸ್ಯಾರ ಇವಗ? ಖರೆ ಹೇಳು."

"ನನಗ ಗೊತ್ತಿಲ್ಲ ಆಯಿ. ಏನಂದ ಅಂವ?"

ಅಶ್ವಿನಿಯ ಬಾಯಿಂದ ವಾಯನನನ್ನೇ ಕೇಳಿಸಿದೆ. ತಾನು ಮಾತೇ ಆಡಿಲ್ಲ, ಬರೀ ಸೀಟಿ ಹೊಡೆದೆ, ಗಾಳಿಪಟ ಹಾರಿಸುವಾಗ ಅವರ ಅಜ್ಜ ಹಾಗೆ ಮಾಡುತ್ತಿದ್ದ ಎಂದ. ನನ್ನ ಮುಖ ನೋಡಿ, ಅಜ್ಜಿಗೆ ಹುಷಾರಿಲ್ಲವೇ ಎಂದು ಅವನೇ ಕೇಳಿದ. ಮಹಬೂಬನೂ ಸ್ವಲ್ಪ ಹೊತ್ತಿಗೆ ಮಾತು ಬದಲಿಸಿದ. "ಅದು ಕನ್ನಡನ ಅಂತ ಕಸಮ್ ಹಾಕಿ ಹೇಳಂಗಿಲ್ರಿ ಅವ್ವಾ. ಫೋನಿನಾಗ ಗಾಳಿ ಹೊಕ್ಕಿತ್ತು" ಅಂದ.

ನಾನು ಆರಿದ ಚಹಾ ಕುಡಿದೆ. ಹ್ಞೂಂ ಅಂದೆ. ಹೆದರಿ ಅಂದೆನೋ, ನಂಬಿ ಅಂದೆನೋ, ಇವತ್ತಿಗೂ ನನಗೆ ತಿಳಿಯದು. ಅಶ್ವಿನಿ ಅಂಗಡಿಯಲ್ಲಿ ಎಲ್ಲರೆದುರು ನನ್ನನ್ನು ತಬ್ಬಿ ಎತ್ತಿಬಿಟ್ಟಳು.

ಹಾಗೆಂದು ಅನುಮಾನ ಬಿಟ್ಟೆ ಎಂದುಕೊಳ್ಳಬೇಡಿ. ದುಬಲಗುಂಡಿಯಲ್ಲಿರುವ ತಮ್ಮನ ಮಗನ ಹೊಲದಿಂದ ಒಂದು ಹಿಡಿ ಜೋಳ ತರಿಸಿದೆ, ಹೊಟ್ಟು ಸಮೇತ. ಕರವಸ್ತ್ರದಲ್ಲಿ ಗಂಟು ಕಟ್ಟಿ ಅವಳ ಚೀಲದಲ್ಲಿ ಇಟ್ಟೆ. "ಏನೂ ಹೇಳಬ್ಯಾಡ. ಹಾರಿ ಇಳಿದ ಮ್ಯಾಲ ಅವನ ಕೈಯಾಗ ಇಡು. ಏನ್ ಮಾಡ್ತಾನ ನೋಡ್ಕೊಂಡ್ ಬಾ" ಅಂದೆ. ಹಾಗೆ ಹೊರದೇಶಕ್ಕೆ ಕಾಳು ಒಯ್ಯಬಾರದಂತೆ, ಆಮೇಲೆ ಮಹಬೂಬ ನನಗೆ ಬೈದ.

ನನ್ನ ಮೊಮ್ಮಗಳು ಹಾರಿದಳು. ಆ ವಿಡಿಯೋವನ್ನು ನೀವು ನೋಡಬೇಕು. ಅವಳ ಬೂಟಿನ ಕೆಳಗೆ ಸಮುದ್ರ, ಬಾಯಿ ತುಂಬ ನಗು, ಕೂದಲು ಒಂದು ಕಡೆ, ಅವಳು ಒಂದು ಕಡೆ. ಫೋನು ಬಿಸಿಯಾಗುವ ತನಕ ನೋಡಿದೆ. ಓಣಿಯಲ್ಲಿ ತೋರಿಸಿದೆ, ಬಸ್ಸಿನಲ್ಲಿ ಪಕ್ಕ ಕುಳಿತವಳಿಗೆ ತೋರಿಸಿದೆ, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರನನ್ನೂ ನಿಲ್ಲಿಸಿ ತೋರಿಸಿದೆ. ಇಂಥ ಸಂತೋಷವನ್ನು ಒಬ್ಬಳೇ ಇಟ್ಟುಕೊಂಡರೆ ಎದೆ ಒಡೆದೀತು.

ಮನೆಗೆ ಬಂದವಳು ಕರವಸ್ತ್ರದ ಗಂಟನ್ನು ನನ್ನ ಕೈಗಿಟ್ಟಳು. ಬಿಚ್ಚಿದೆ. ಒಳಗೆ ಬರೀ ಕಾಳು, ಒಂದು ಚೂರೂ ಹೊಟ್ಟಿರಲಿಲ್ಲ.

"ಅಂಗೈಯಾಗ ಹಾಕ್ಕೊಂಡ ಆಯಿ. ತಿಕ್ಕಿದ, ಊದಿದ. ಹೊಟ್ಟು ಸಮುದ್ರದ ಕಡಿ ಹೋತು. ಕಾಳು ಮತ್ತ ಗಂಟು ಕಟ್ಟಿ, ಇದು ನಿಮ್ಮದು ಅಂತ ನನಗೇ ಕೊಟ್ಟ."

"ಊದುವಾಗ ಥೂ ಅಂದನೇನು?"

ಅವಳು ನಕ್ಕಳು. "ಬಾಯಾಗ ಹೊಟ್ಟು ಹೋದ್ರ ಯಾರಾದ್ರೂ ಅಂತಾರ, ಆಯಿ."

ಅವನು ಭತ್ತ ಬೆಳೆಯುವ ಮನೆಯವನು, ಕಾಳು ಕಂಡರೆ ಊದುವುದು ಕೈಗೆ ಬಂದಿರುತ್ತದೆ ಅನ್ನುತ್ತಾಳೆ. ಆ ಮಧ್ಯಾಹ್ನ ನಾನು ಗಾಬರಿಯಲ್ಲಿದ್ದೆ, ಮನಸ್ಸಿನಲ್ಲಿದ್ದದ್ದೇ ಕಿವಿಗೆ ಕೇಳಿಸಿರಬೇಕು ಅನ್ನುತ್ತಾಳೆ. ಇರಬಹುದು. ಹಾಗಾದರೆ ಮಹಬೂಬ ತಲೆ ಎತ್ತಿದ್ದು ಯಾಕೆ?

ಈಗ ಅವಳು ಮತ್ತೊಮ್ಮೆ ಅಲ್ಲಿಗೆ ಹೋಗುವ ತಯಾರಿಯಲ್ಲಿದ್ದಾಳೆ. ಈ ಸಲ ಯಾರೂ ನನ್ನನ್ನು ಕೇಳಲಿಲ್ಲ, ಕೇಳುವ ಮೊದಲೇ ನಾನು ಹ್ಞೂಂ ಅಂದಿದ್ದೆ. ಅನುಮಾನ ಮಾತ್ರ ಇನ್ನೂ ಹೋಗಿಲ್ಲ. ಅದು ವಾಯನನ ಮೇಲಿಂದ ಇಳಿದು ನಮ್ಮ ಅಪ್ಪನ ಮೇಲೆ ಕುಳಿತಿದೆ. ಅಪ್ಪ ಕಣದಲ್ಲಿ ನಿಂತು ಕೂಗಿದಾಗ ಎಲ್ಲಿಂದಲೋ ಗಾಳಿ ಬರುತ್ತಿತ್ತು. ಅದು ಯಾರನ್ನು ಮುಟ್ಟಿ ಬರುತ್ತಿತ್ತು, ಯಾವ ಗುಡ್ಡದ ಮೇಲೆ ಯಾರು ಅವನ ಕೂಗು ಕೇಳಿಸಿಕೊಂಡು ಕಳಿಸುತ್ತಿದ್ದರು ಎಂದು ಬಾಯಿಗೆ ಸೆರಗಿಟ್ಟು ನಗುತ್ತಿದ್ದ ನಾನು ಒಮ್ಮೆಯೂ ಕೇಳಲಿಲ್ಲ.